ಬಾಗುಹಳ್ಳದ ಒರತೆ ಸಂಘ

ಮಕ್ಕಳೇ, ಕುರುಚಲು ಕಾಡಿನ ನಡುವೆ ಬಾಗುಹಳ್ಳ ಅಂತ ಒಂದು ಹಳ್ಳವಿತ್ತು. ಕುಡುಗೋಲಿನ ಹಾಗೆ ಬಾಗಿಕೊಂಡು ಹರಿಯುತ್ತಿದ್ದುದರಿಂದ ಅದಕ್ಕೆ ಆ ಹೆಸರು. ಹರಿಯುತ್ತಿದ್ದುದು ಮಳೆಗಾಲದಲ್ಲಿ ಮಾತ್ರ. ಚಳಿ ಮುಗಿಯುವ ಹೊತ್ತಿಗೆ ನೀರೆಲ್ಲ ಇಂಗಿ ಬರೀ ಮರಳು ಉಳಿಯುತ್ತಿತ್ತು. ಆದರೆ ಆ ಮರಳಿನ ಕೆಳಗೆ ನೀರಿತ್ತು. ಸರಿಯಾದ ಕಡೆ ತೋಡಿದರೆ ಗುಂಡಿಯೊಳಗೆ ಮೆಲ್ಲಗೆ ಜಿನುಗಿ ಬರುತ್ತಿತ್ತು. ಹಾಗೆ ಬರುವ ನೀರಿಗೆ ಒರತೆ ಅನ್ನುತ್ತಾರೆ.

ಮುತ್ತುಗದ ಮರಗಳು ಕೆಂಪಗೆ ಹೂಬಿಟ್ಟ ಕೂಡಲೇ ಹಳ್ಳದ ಎರಡೂ ದಡದ ಪ್ರಾಣಿಗಳು ಸಂಜೆಯಾದರೆ ಮರಳಿಗೆ ಇಳಿಯುತ್ತಿದ್ದವು. ಅದನ್ನೇ ಒರತೆ ಸಂಘ ಅನ್ನುತ್ತಿದ್ದರು. ಸಂಘ ಅಂದರೆ ದೊಡ್ಡ ಏರ್ಪಾಡೇನಲ್ಲ. ಮನೆಗೊಬ್ಬರು ಬಂದು ಕೈಲಾದದ್ದು ಮಾಡುವುದು, ಅಷ್ಟೇ. ಹಂದಿ ಕೋರಜ್ಜ ಮರಳನ್ನು ಮೂಸಿ ಮೂಸಿ ಜಾಗ ಗುರುತು ಮಾಡುತ್ತಿದ್ದ. ಮುಳ್ಳುಹಂದಿಗಳು ತೋಡುತ್ತಿದ್ದವು. ಮೊಲಗಳು ಹಿಂಗಾಲಿನಿಂದ ಮರಳನ್ನು ಆಚೆಗೆ ಒದೆಯುತ್ತಿದ್ದವು. ಜಿಂಕೆಗಳು ಗುಂಡಿಯ ಬದಿಯನ್ನು ಗೊರಸಿನಿಂದ ತುಳಿದು ಗಟ್ಟಿ ಮಾಡುತ್ತಿದ್ದವು. ನವಿಲುಗಳು ಮತ್ತಿಮರದ ಮೇಲೆ ಕೂತು ಚಿರತೆ ಬಂದೀತೇನೋ ಅಂತ ನೋಡುತ್ತಿದ್ದವು.

ತೋಡಿದ ಕೂಡಲೇ ನೀರು ಬರುತ್ತಿರಲಿಲ್ಲ. ಕಾಯಬೇಕಿತ್ತು. ಮೊದಲು ಮರಳು ಕಪ್ಪಾಗುತ್ತಿತ್ತು, ಆಮೇಲೆ ಮಿನುಗುತ್ತಿತ್ತು, ಆಮೇಲೆ ಎಲ್ಲೋ ಒಂದು ಕಡೆ ಕಣ್ಣು ತೆರೆದ ಹಾಗೆ ಒಂದಿಷ್ಟು ನೀರು ಕಾಣಿಸುತ್ತಿತ್ತು. ಅಲ್ಲಿಯವರೆಗೆ ಎಲ್ಲರೂ ಬೆಚ್ಚಗಿನ ಮರಳಿನ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಯಾರ ಮನೆಯಲ್ಲಿ ಮರಿ ಹುಟ್ಟಿತು, ಯಾವ ಪೊದೆಯಲ್ಲಿ ಕಾರೆಹಣ್ಣು ಮಾಗಿದೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ಮಾತು ಬಿಟ್ಟವರು ಮತ್ತೆ ಮಾತಾಡುತ್ತಿದ್ದುದೂ ಅಲ್ಲೇ. ಕೋರಜ್ಜ ತನ್ನ ಅಜ್ಜ ಕಂಡ ದೊಡ್ಡ ಮಳೆಯ ಕತೆ ಹೇಳುತ್ತಿದ್ದ. ವರ್ಷವೂ ಅದೇ ಕತೆ. ಮರಿಗಳಿಗೆ ಅದು ಬಾಯಿಪಾಠವಾಗಿತ್ತು, ಆದರೂ ಬೇಕಿತ್ತು. ನೀರು ತುಂಬಿದ ಮೇಲೆ ಮರಿಗಳು ಮೊದಲು, ಮುದುಕರು ಆಮೇಲೆ, ತೋಡಿದವರು ಕೊನೆಗೆ ಕುಡಿಯುತ್ತಿದ್ದರು. ಆ ಸಂಜೆಗಳನ್ನು ನೆನೆಸಿಕೊಂಡರೆ ಇವತ್ತಿಗೂ ಬಾಗುಹಳ್ಳದ ಹಿರಿಯರ ದನಿ ಮೆತ್ತಗಾಗುತ್ತದೆ.

ಕೋರಜ್ಜನಿಗೆ ವಯಸ್ಸಾದ ಮೇಲೆ ಸಂಘ ನಡೆಸುವವರು ಯಾರು ಅನ್ನುವ ಮಾತು ಬಂತು. ಎಲ್ಲರೂ ಮುಂಗುಸಿ ಚುರುಕಯ್ಯನ ಹೆಸರು ಹೇಳಿದರು. ಅವನು ಹೆಸರಿಗೆ ತಕ್ಕ ಹಾಗೇ ಇದ್ದ. ಒಂದು ಕೆಲಸ ಹೇಳಿದರೆ ಎರಡು ಮಾಡಿಕೊಂಡು ಬರುತ್ತಿದ್ದ. ಒಳ್ಳೆಯ ಮನಸ್ಸು, ಸವಿಯಾದ ಮಾತು. ಒಂದೇ ಒಂದು ಕೊರತೆ ಅವನಲ್ಲಿತ್ತು. ಬೇರೆಯವರು ನಿಧಾನವಾಗಿ ಮಾಡುವುದನ್ನು ನೋಡಿಕೊಂಡು ಸುಮ್ಮನಿರಲು ಅವನಿಂದ ಆಗುತ್ತಿರಲಿಲ್ಲ. ಮುದುಕಿ ಮೊಲ ಒಂದು ಹಿಡಿ ಮರಳು ಎಳೆಯುವಷ್ಟರಲ್ಲಿ, "ನೀವ್ಯಾಕೆ ತೊಂದರೆ ತಗೋತೀರಿ, ನಾನಿದ್ದೀನಲ್ಲ" ಅಂತ ತಾನೇ ಎಳೆದುಬಿಡುತ್ತಿದ್ದ.

ಒಂದು ಬೇಸಿಗೆ ಒರತೆ ಬಹಳ ಆಳಕ್ಕೆ ಇಳಿಯಿತು. ಎಷ್ಟು ತೋಡಿದರೂ ನೀರು ಸಾಲಲಿಲ್ಲ. ಆಗ ಚುರುಕಯ್ಯ ಹಳ್ಳದ ಮೇಲ್ಗಡೆ ಇದ್ದ ದೊಡ್ಡಕಾಡಿಗೆ ಹೋಗಿ ಆನೆಗಳನ್ನು ಕಂಡ. ಆ ಹಿಂಡಿನ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಅವಳು ಅವನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದಳು. ವರ್ಷಕ್ಕೊಮ್ಮೆ ಬಂದು ದೊಡ್ಡ ಗುಂಡಿ ತೋಡಿಕೊಡುತ್ತೇವೆ, ಕೆಲಸ ಮಾಡುವವರಿಗೆ ಅಂತ ಬೇಲದ ಹಣ್ಣನ್ನೂ ತರುತ್ತೇವೆ ಅಂದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು.

"ಗುಂಡಿ ಮಾತ್ರ ನಮ್ಮದು. ಸಣ್ಣವರು ಇಳಿಯೋಕೆ ಇಳಿಜಾರು ಮಾಡೋದು, ಬಿದ್ದ ಮರಳು ತೆಗೆಯೋದು, ಬಿಸಿಲಿಗೆ ಸೊಪ್ಪು ಮುಚ್ಚೋದು ನಿಮ್ಮ ಪಾಲು. ಮನೆಗೊಬ್ಬರು ಬರಲೇಬೇಕು. ಇಲ್ಲದಿದ್ದರೆ ಅದು ಆನೆಗಳ ಒರತೆ ಆಗುತ್ತೆ, ನಿಮ್ಮದಾಗೋದಿಲ್ಲ."

ಚುರುಕಯ್ಯ ಸಂತೋಷದಿಂದ ಒಪ್ಪಿಕೊಂಡು ಬಂದ.

ಆನೆಗಳು ಬಂದವು. ನಾಲ್ಕಾರು ಸಲ ಸೊಂಡಿಲು ಬೀಸುವಷ್ಟರಲ್ಲಿ, ಇವರೆಲ್ಲ ಸೇರಿ ಇಡೀ ಬೇಸಿಗೆ ತೋಡಿದರೂ ಆಗದಂಥ ಗುಂಡಿ ಆಯಿತು. ನೀರು ಜಿನುಗಲಿಲ್ಲ, ಉಕ್ಕಿತು. ಎಲ್ಲರೂ ಹೊಟ್ಟೆ ತುಂಬ ಕುಡಿದರು, ಬೇಲದ ಹಣ್ಣು ತಿಂದರು. ಆ ವರ್ಷ ಒಂದು ಮರಿಯೂ ಬಾಯಾರಿ ಅಳಲಿಲ್ಲ. ಇದು ನಿಜವಾಗಿಯೂ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆನೆಗಳು ಹೋದ ಮೇಲೆ ಇಳಿಜಾರು ಮಾಡಲು ಕರೆದಾಗ ಬಂದವರು ಕಡಿಮೆ. ಒಬ್ಬರಿಗೆ ಕಾಲು ನೋವು, ಇನ್ನೊಬ್ಬರ ಮನೆಗೆ ನೆಂಟರು ಬಂದಿದ್ದರು. ಚುರುಕಯ್ಯ ಮನೆ ಮನೆಗೆ ಹೋಗಿ ಮತ್ತೆ ಕರೆಯಬಹುದಿತ್ತು. ಅದು ಬೇಸರದ ಕೆಲಸ. ಅದಕ್ಕಿಂತ ತನ್ನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತಾನೇ ಮಾಡಿ ಮುಗಿಸುವುದು ಸುಲಭ ಅನಿಸಿತು. ಹಾಗೇ ಮಾಡಿದ. ಹಣ್ಣು ಹಂಚುವಾಗಲೂ ಕೆಲಸಕ್ಕೆ ಬಂದವರು, ಬಾರದವರು ಅಂತ ನೋಡಲಿಲ್ಲ. ಯಾರಿಗೂ ಬೇಜಾರಾಗಬಾರದು ಅಂತ ಎಲ್ಲರ ಮನೆಗೂ ಸಮನಾಗಿ ಕಳಿಸಿದ. ಮುಂದಿನ ವರ್ಷ ಬಂದವರು ಇನ್ನೂ ಕಡಿಮೆ. ಅದರ ಮುಂದಿನ ವರ್ಷ ಅವನು ಕರೆಯುವುದನ್ನೇ ಬಿಟ್ಟ.

ದೊಡ್ಡಮ್ಮ ಪ್ರತಿ ಸಲ ಬರುವ ಮೊದಲು ಬೆಳ್ಳಕ್ಕಿ ಬಿಳಿಯಪ್ಪನನ್ನು ಕಳಿಸುತ್ತಿದ್ದಳು. ಸಂಘ ಹೇಗೆ ನಡೆಯುತ್ತಿದೆ ಅಂತ ನೋಡಿಕೊಂಡು ಬರುವುದು ಅವನ ಕೆಲಸ. ಅವನು ಬರುತ್ತಾನೆ ಅಂತ ಗೊತ್ತಾದ ದಿನ ಚುರುಕಯ್ಯ ಎಲ್ಲರನ್ನೂ ಹಳ್ಳಕ್ಕೆ ಇಳಿಸಿ, ಮೂತಿಗೆ ಒಂದಿಷ್ಟು ಮರಳು ಮೆತ್ತಿಕೊಂಡು ನಿಲ್ಲಲು ಹೇಳುತ್ತಿದ್ದ. ಎಲ್ಲರೂ ನಗುತ್ತ ನಿಲ್ಲುತ್ತಿದ್ದರು. ಇಳಿಜಾರು ಮಾಡಿದವರು ಯಾರು ಅಂತ ಬಿಳಿಯಪ್ಪ ಕೇಳಿದರೆ, ಮುಳ್ಳುಹಂದಿಗಳು ಅಂತ ಚುರುಕಯ್ಯನೇ ಹೇಳುತ್ತಿದ್ದ. ಮರಳು ತೆಗೆಯುವವರು ಯಾರು ಅಂದರೆ, ಮೊಲಗಳು ಅನ್ನುತ್ತಿದ್ದ. ಮುಳ್ಳುಹಂದಿಗಳೂ ಮೊಲಗಳೂ ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದವು. ಬಿಳಿಯಪ್ಪ ಹಾರಿಹೋಗಿ, ಎಲ್ಲ ಚೆನ್ನಾಗಿದೆ ಅಂತ ವರದಿ ಒಪ್ಪಿಸುತ್ತಿದ್ದ.

ಒರತೆಯ ಹತ್ತಿರ ಕಾದು ಕೂರುವುದು ನಿಂತೇಹೋಯಿತು. ನೀರು ಯಾವಾಗಲೂ ಇತ್ತು. ಬಂದರು, ಕುಡಿದರು, ಹೋದರು. ಯಾರ ಮನೆಯಲ್ಲಿ ಮರಿ ಹುಟ್ಟಿತು ಅನ್ನುವುದು ಮರಿ ಓಡಾಡುವ ಹೊತ್ತಿಗೆ ಗೊತ್ತಾಗುತ್ತಿತ್ತು. ಕೋರಜ್ಜ ಮಾತ್ರ ಸಂಜೆ ಹೊತ್ತು ಬಂದು ಮರಳಿನ ಮೇಲೆ ಒಬ್ಬನೇ ಕೂತಿರುತ್ತಿದ್ದ. ಒಂದು ಚಳಿಗಾಲ ಅವನೂ ತೀರಿಕೊಂಡ.

ಅದರ ಮರು ಬೇಸಿಗೆ ಬಿಳಿಯಪ್ಪ ಬಂದಾಗ ಅವನ ಮುಖ ಸಪ್ಪಗಿತ್ತು. ಚುರುಕಯ್ಯನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ. ಆನೆಗಳು ಬರುವ ದಾರಿಗೆ ಅಡ್ಡವಾಗಿ ಮನುಷ್ಯರು ಆಳವಾದ ಕಂದಕ ತೋಡಿದ್ದಾರೆ. ಬೇರೆ ದಾರಿ ಹುಡುಕುವವರೆಗೆ ಹಿಂಡು ಈ ಕಡೆ ಬರುವಂತಿಲ್ಲ. ಈ ಬೇಸಿಗೆಯಂತೂ ಆಗುವುದಿಲ್ಲ. ಇಷ್ಟು ವರ್ಷ ಎಲ್ಲರೂ ಕೈಜೋಡಿಸಿ ಕೆಲಸ ಮಾಡಿದ್ದೀರಲ್ಲ, ಈ ಒಂದು ವರ್ಷ ನೀವೇ ತೋಡಿಕೊಳ್ಳುತ್ತೀರಿ ಅಂತ ದೊಡ್ಡಮ್ಮನಿಗೆ ಧೈರ್ಯವಿದೆ ಅಂತಲೂ ಹೇಳಿದ.

ಆ ಕೊನೆಯ ಮಾತು ಚುರುಕಯ್ಯನ ಎದೆಗೆ ಚುಚ್ಚಿತು.

ಅವನು ಆಗಲೇ ಎಲ್ಲರನ್ನೂ ಕರೆದು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ, ಹೇಗಾದರೂ ತಾನೇ ನೋಡಿಕೊಳ್ಳೋಣ ಅಂದುಕೊಂಡ. ಮಧ್ಯಾಹ್ನ ಎಲ್ಲರೂ ನೆರಳಿನಲ್ಲಿ ಮಲಗಿರುವಾಗ ಹೆಂಡತಿ ಮಕ್ಕಳೊಡನೆ ಸುಡುವ ಮರಳಿಗೆ ಇಳಿದು ತೋಡಿದ. ಮುಂಗುಸಿ ಬಿಲ ತೋಡುವ ಹಾಗೆ ನೆಟ್ಟಗೆ ಕೆಳಕ್ಕೆ ತೋಡಿದ. ಮರಳು ಮಣ್ಣಲ್ಲವಲ್ಲ. ಮೊಣಕಾಲಿನ ಆಳ ಆಗುವಷ್ಟರಲ್ಲಿ ಬದಿ ಕುಸಿದು ಗುಂಡಿ ಮುಚ್ಚಿಹೋಗುತ್ತಿತ್ತು. ಇನ್ನೊಂದು ಕಡೆ ತೋಡಿದರೆ ಅಲ್ಲೂ ಹಾಗೇ. ಅವನ ಉಗುರು ಸವೆದವು, ಪಾದದಲ್ಲಿ ಬೊಬ್ಬೆ ಎದ್ದವು.

ಹಳೆಯ ಗುಂಡಿಯ ಕೊನೆಯ ನೀರು ಕೆಸರಾಯಿತು. ಯಾರು ಕೇಳಿದರೂ ಚುರುಕಯ್ಯ ಒಂದೇ ಮಾತು ಹೇಳುತ್ತಿದ್ದ. ಆನೆಗಳು ಹೊರಟಿದ್ದಾವೆ, ಇನ್ನೇನು ಬಂದೇಬಿಡುತ್ತಾವೆ.

ಜಿಂಕೆಗಳ ಹಿಂಡಿಗೆ ಚುಕ್ಕವ್ವ ಹಿರಿಯಳು. ಅವಳ ಹಿಂಡಿನಲ್ಲಿ ಹಾಲು ಕುಡಿಯುವ ಮರಿಗಳಿದ್ದವು. ತಾಯಂದಿರ ಹಾಲು ಬತ್ತುತ್ತಿತ್ತು. ಒಂದು ಬೆಳಿಗ್ಗೆ ಅವಳು ಚುರುಕಯ್ಯನ ಬಿಲದ ಮುಂದೆ ಬಂದು ನಿಂತಳು.

"ಚುರುಕಣ್ಣ, ನಿಜ ಹೇಳು. ಆನೆಗಳು ಬರ್ತಾವಾ?"

"ಬರ್ತಾವೆ ಚುಕ್ಕವ್ವ. ನೀನು ಚಿಂತೆ ಮಾಡಬೇಡ, ನಾನಿದ್ದೀನಲ್ಲ."

ಚುಕ್ಕವ್ವ ನಂಬಿ ಇನ್ನೂ ಕೆಲವು ದಿನ ಕಾದಳು. ಆಮೇಲೆ ಕಾಯುವ ಶಕ್ತಿ ಇರಲಿಲ್ಲ. ಮೂಡಣ ದಿಕ್ಕಿನಲ್ಲಿ ಮನುಷ್ಯರ ಹೊಲಗಳಿದ್ದವು, ಅದರಾಚೆ ಒಂದು ಕಾಲುವೆ ಇದೆಯಂತೆ ಅಂತ ಕೇಳಿದ್ದಳು. ಅತ್ತ ನಾಯಿಗಳ ಕಾಟ ಅಂತಲೂ ಗೊತ್ತಿತ್ತು. ಹೊರಡುವ ಮೊದಲು ತನ್ನ ಬಾಲ್ಯದ ಗೆಳತಿ ಮೊಲ ಬೂದಕ್ಕನನ್ನು ಹುಡುಕಿಕೊಂಡು ಬಂದಳು. ಒಂದೇ ಒರತೆಯ ಪಕ್ಕ ಮರಿಗಳಾಗಿ ಆಡಿದವರು ಅವರು. ಬೂದಕ್ಕ ಅವಳ ಕಾಲಿಗೆ ಮುಖ ಒತ್ತಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಹಿಂಡು ಸಾಲಾಗಿ ದಡ ಹತ್ತಿ ಹೊರಟುಹೋಯಿತು. ಹೊಲ ದಾಟುವುದನ್ನು ಮರದ ಮೇಲಿನ ನವಿಲು ನೋಡಿತು, ನಾಯಿಗಳು ಬೊಗಳುವುದನ್ನೂ ಕೇಳಿತು. ಅಲ್ಲಿಂದಾಚೆಗೆ ಏನಾಯಿತೋ ಯಾರಿಗೂ ತಿಳಿಯಲಿಲ್ಲ.

ಆ ದಿನ ಸಂಜೆ ಚುರುಕಯ್ಯ ತಾನೇ ಎಲ್ಲರನ್ನೂ ಹಳ್ಳಕ್ಕೆ ಕರೆದ. ಬೊಬ್ಬೆ ಎದ್ದ ಪಾದಗಳನ್ನು ಮರಳಿನಲ್ಲಿ ಊರಿ ನಿಂತು, ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದ. ಬಿಳಿಯಪ್ಪ ತಂದ ಸುದ್ದಿ, ತಾನು ಅದನ್ನು ಬಚ್ಚಿಟ್ಟದ್ದು, ಗುಟ್ಟಾಗಿ ತೋಡಿ ಸೋತದ್ದು, ಚುಕ್ಕವ್ವನಿಗೆ ಸುಳ್ಳು ಹೇಳಿದ್ದು.

ಮುಳ್ಳುಹಂದಿ ಕದಿರಣ್ಣನ ಮೈಮೇಲಿನ ಮುಳ್ಳುಗಳೆಲ್ಲ ಎದ್ದು ನಿಂತವು. ನಮ್ಮನ್ನು ಒಂದು ಮಾತು ಕೇಳಬಾರದಿತ್ತೇ ಅಂತ ಅವನು ಗದರಿದ.

"ನಿಮಗೆಲ್ಲ ತೊಂದರೆ ಕೊಡಬಾರದು ಅಂದ್ಕೊಂಡೆ" ಅಂದ ಚುರುಕಯ್ಯ.

ಬೂದಕ್ಕ ಅವನನ್ನೇ ನೋಡುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆ ತೊಂದರೆ ನಮ್ಮದಾಗಿತ್ತು ಕಣಯ್ಯ" ಅಂದಳು. "ನೀನು ಇಸ್ಕೊಂಡೆ, ನಾವೂ ಕೊಟ್ಟು ಕೂತ್ವಿ. ತಪ್ಪು ನಿನ್ನೊಬ್ಬನದ್ದೇ ಅಲ್ಲ."

ಆಮೇಲೆ ಕದಿರಣ್ಣ ಮುಳ್ಳು ಇಳಿಸಿ, ಆಯಿತು, ಈಗ ಎಲ್ಲಿ ತೋಡುವುದು ಹೇಳಿ ಅಂದ. ಜಾಗ ಮೂಸಿ ಹೇಳುತ್ತಿದ್ದ ಕೋರಜ್ಜ ಇರಲಿಲ್ಲ. ಆನೆಗಳು ಬರತೊಡಗಿದ ಮೇಲೆ ಹುಟ್ಟಿದವರಿಗೆ ಒರತೆ ತೋಡುವುದು ಅಂದರೆ ಏನು ಅಂತಲೇ ತಿಳಿಯದು.

ಬೂದಕ್ಕ ಮೆಲ್ಲಗೆ ಮರಳಿನ ಮೇಲೆ ಅತ್ತಿತ್ತ ಓಡಾಡಿದಳು. ಚಿಕ್ಕವಳಿದ್ದಾಗ ನೀರಿಗೆ ಕಾಯುತ್ತ ಕೂರುತ್ತಿದ್ದ ಜಾಗ ಅವಳಿಗೆ ನೆನಪಿತ್ತು. ಬೆನ್ನಿಗೆ ಮತ್ತಿಮರದ ಬೇರು ಒತ್ತುತ್ತಿತ್ತು, ಮುಳುಗುವ ಸೂರ್ಯ ನೇರ ಕಣ್ಣಿಗೆ ಬೀಳುತ್ತಿದ್ದ. ಹಾಗಾದರೆ ಗುಂಡಿ ಇದ್ದದ್ದು ತನ್ನ ಮುಂದೆ, ಒಂದು ನೆಗೆತದಷ್ಟು ದೂರದಲ್ಲಿ. ಅಲ್ಲೊಂದು ಗುರುತು ಮಾಡಿದಳು. ಅದನ್ನು ಕಂಡ ಕೂಡಲೇ ಕದಿರಣ್ಣನಿಗೆ ಇನ್ನೊಂದು ನೆನಪಾಯಿತು. ಕೋರಜ್ಜ ಎಂದೂ ನೆಟ್ಟಗೆ ಕೆಳಕ್ಕೆ ತೋಡಲು ಬಿಡುತ್ತಿರಲಿಲ್ಲ, ಮೊದಲು ತಟ್ಟೆಯ ಹಾಗೆ ಅಗಲ ಮಾಡಿ ಅನ್ನುತ್ತಿದ್ದ, ಇಲ್ಲದಿದ್ದರೆ ಬೈಯುತ್ತಿದ್ದ. ಆ ಬೈಗುಳ ನೆನಪಾಗಿ ಕದಿರಣ್ಣ ನಕ್ಕ. ಉಳಿದವರೂ ನಕ್ಕರು. ಮುದಿ ನವಿಲೊಂದು ಮರದ ಮೇಲಿಂದಲೇ, ತೆಗೆದ ಮರಳನ್ನು ಗುಂಡಿಯಿಂದಾಚೆ ತಗ್ಗಿನ ಕಡೆ ಹಾಕುತ್ತಿದ್ದುದು ತನಗೆ ಕಾಣುತ್ತಿತ್ತು, ಏರಿನ ಕಡೆ ಹಾಕಿದರೆ ಮತ್ತೆ ಉರುಳುತ್ತದೆ ಅಂತ ಹೇಳಿತು. ಹೀಗೆ ಒಬ್ಬರ ನೆನಪು ಇನ್ನೊಬ್ಬರ ನೆನಪನ್ನು ಎಬ್ಬಿಸಿತು. ಯಾರ ಹತ್ತಿರವೂ ಪೂರ್ತಿ ಇರಲಿಲ್ಲ, ಎಲ್ಲರ ಹತ್ತಿರವೂ ಒಂದಿಷ್ಟು ಇತ್ತು.

ಮೊದಲ ಗುಂಡಿ ಫಲ ಕೊಡಲಿಲ್ಲ. ಅಡಿಯಲ್ಲಿ ಬಂಡೆ ಸಿಕ್ಕಿತು. ಕೆಲವರು ಅಲ್ಲೇ ಕುಸಿದು ಕೂತರು. ಬೂದಕ್ಕ ಮತ್ತೆ ಬೇರಿಗೆ ಬೆನ್ನು ಕೊಟ್ಟು ಕೂತು ನೋಡಿದಳು. ಇಲ್ಲಿ ಕೂರುತ್ತಿದ್ದಾಗ ತಾನು ಇನ್ನೂ ಮರಿ, ತನ್ನ ನೆಗೆತವೂ ಚಿಕ್ಕದಿತ್ತು ಅನ್ನುವುದು ಹೊಳೆಯಿತು. ಇನ್ನೂ ಹತ್ತಿರಕ್ಕೆ ಗುರುತು ಮಾಡಿದಳು.

ಅಲ್ಲಿ ಅಗಲವಾಗಿ ತೋಡಿದರು. ಬದಿಯನ್ನು ತುಳಿದು ಗಟ್ಟಿ ಮಾಡಲು ಜಿಂಕೆಗಳಿಲ್ಲ. ಆ ಕೆಲಸದ ಸರದಿ ಬಂದಾಗ ಎಲ್ಲರ ಕೈಯೂ ಒಂದು ಗಳಿಗೆ ನಿಂತಿತು. ಚುರುಕಯ್ಯ ತಲೆ ತಗ್ಗಿಸಿದ. ಆಮೇಲೆ ಅವನೂ ಅವನ ಮಕ್ಕಳೂ ಬದಿಯ ಮೇಲೆ ಮೈಯನ್ನೇ ಉರುಳಿಸಿ ಉರುಳಿಸಿ ಮರಳನ್ನು ಒತ್ತಿದರು. ಗೊರಸಿನಷ್ಟು ಚೆನ್ನಾಗಿ ಆಗಲಿಲ್ಲ, ಆದರೂ ನಿಂತಿತು.

ಮರಳು ಕಪ್ಪಾಯಿತು. ಎಲ್ಲರೂ ಮೇಲೆ ಬಂದು ಕೂತರು. ಕಾಯುವುದು ಹೇಗೆ ಅಂತ ಮರಿಗಳಿಗೆ ಗೊತ್ತಿರಲಿಲ್ಲ, ಗಳಿಗೆಗೊಮ್ಮೆ ಇಣುಕುತ್ತಿದ್ದವು. ಅವುಗಳನ್ನು ಸುಮ್ಮನಿರಿಸಲು ಕದಿರಣ್ಣ ಕೋರಜ್ಜನ ದೊಡ್ಡ ಮಳೆಯ ಕತೆ ತೆಗೆದ. ನಡುವೆ ಎಲ್ಲೋ ಮರೆತ. ಮರೆತಲ್ಲಿ ಬೂದಕ್ಕ ಎತ್ತಿಕೊಂಡಳು. ಕತೆ ಮುಗಿಯುವ ಮೊದಲೇ ಗುಂಡಿಯ ತಳದಲ್ಲಿ ಅಂಗೈಯಗಲ ನೀರು ಮಿನುಗಿತು. ಬಾಯಾರಿ ಬಾಯಾರಿ ದಣಿದಿದ್ದ ಒಂದು ಮರಿ ಮೊದಲು ಇಳಿದು ಕುಡಿಯಿತು. ಅದು ಕುಡಿಯುವ ಸದ್ದು ಬಿಟ್ಟರೆ ಆ ಹೊತ್ತು ಹಳ್ಳದಲ್ಲಿ ಬೇರೆ ಸದ್ದೇ ಇರಲಿಲ್ಲ.

ಬೇಸಿಗೆ ಹೇಗೋ ಕಳೆಯಿತು. ಮಳೆ ಬಂತು, ಹಳ್ಳ ಹರಿಯಿತು, ನೀರು ಇಂಗಿ ಮತ್ತೆ ಮರಳು ಉಳಿಯಿತು. ಮರು ವರ್ಷ ಆನೆಗಳು ಕಂದಕವನ್ನು ಸುತ್ತಿಕೊಂಡು ಬರುವ ಬೇರೊಂದು ದಾರಿ ಕಂಡುಕೊಂಡು ಬಂದವು. ಬಂದು ನೋಡಿದರೆ ಒರತೆ ಆಗಲೇ ತೋಡಿ ಆಗಿತ್ತು. ಸಣ್ಣದೇ, ಆದರೆ ಸೊಪ್ಪು ಮುಚ್ಚಿತ್ತು, ಇಳಿಜಾರು ಚೊಕ್ಕವಾಗಿತ್ತು. ದೊಡ್ಡಮ್ಮ ಮೆಚ್ಚಿ ಮಾತಾಡತೊಡಗಿದಳು. ಚುರುಕಯ್ಯ ಅವಳನ್ನು ತಡೆದು, ಹಿಂದಿನ ವರ್ಷಗಳಲ್ಲಿ ಬಿಳಿಯಪ್ಪನಿಗೆ ತೋರಿಸಿದ್ದೆಲ್ಲ ಬರೀ ತೋರಿಕೆ ಅಂತ ಒಪ್ಪಿಕೊಂಡ. ಚುಕ್ಕವ್ವನ ಹಿಂಡು ಹೋದದ್ದನ್ನೂ ಹೇಳಿದ. ದೊಡ್ಡಮ್ಮ ಸೊಂಡಿಲು ಇಳಿಬಿಟ್ಟಳು. ಬಿಳಿಯಪ್ಪನ ಬದಲು ನಾನೇ ಒಮ್ಮೆ ಬಂದು ಇವರ ಹತ್ತಿರ ಕೂತು ಮಾತಾಡಿದ್ದರೆ ಗೊತ್ತಾಗುತ್ತಿತ್ತು, ಅದು ನನ್ನ ತಪ್ಪು ಅಂದಳು.

ಆಮೇಲೆ, "ಈಗ ನಮ್ಮಿಂದ ಏನಾಗಬೇಕು ಹೇಳು ಚುರುಕಯ್ಯ" ಅಂತ ಕೇಳಿದಳು.

ಉತ್ತರ ಚುರುಕಯ್ಯನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಅವನು ಉಳಿದವರ ಕಡೆ ತಿರುಗಿದ.

"ದೊಡ್ಡಮ್ಮ ಕೇಳ್ತಿದ್ದಾರೆ. ನೀವೇ ಹೇಳಿ."

ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು, ವಾದ ಮಾಡಿದರು, ಹೊತ್ತು ಹಿಡಿಯಿತು. ಕೊನೆಗೆ ಬೂದಕ್ಕ ಮುಂದೆ ಬಂದು ಹೇಳಿದಳು. ತೋಡುವುದು ನಮಗೆ ಬರುತ್ತದೆ, ಆದರೆ ಹೋದ ವರ್ಷ ಮೊದಲ ಗುಂಡಿಯ ಅಡಿಯಲ್ಲಿ ಸಿಕ್ಕ ಬಂಡೆ ನಮ್ಮಿಂದ ಅಲುಗುವುದಿಲ್ಲ, ಅದನ್ನು ಎತ್ತಿ ಕೊಡಿ. ತೋಡುವುದನ್ನು ಮಾತ್ರ ನಮಗೇ ಬಿಡಿ.

ಆನೆಗಳು ಬಂಡೆ ಎತ್ತಿ ದಡಕ್ಕೆ ಹಾಕಿದವು. ಆ ಜಾಗದಲ್ಲಿ ಹೊಸ ಗುಂಡಿಯ ಕೆಲಸ ಶುರುವಾಯಿತು. ಇಳಿಜಾರು ಮಾಡುವುದು ಈ ಸಲ ಮರಿ ಮುಳ್ಳುಹಂದಿಗಳ ಪಾಲಿಗೆ ಬಂದಿತ್ತು. ಅವು ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಮಾಡಿಕೊಂಡು, ಮಾಡಿದ್ದನ್ನೇ ಕೆಡಿಸಿಕೊಂಡು, ಮತ್ತೆ ಮಾಡುತ್ತಿದ್ದವು. ಚುರುಕಯ್ಯ ದಡದ ಮೇಲಿಂದ ನೋಡುತ್ತಿದ್ದ. ತಾನಾದರೆ ಯಾವಾಗಲೋ ಮುಗಿಸಿಬಿಡಬಹುದಿತ್ತು. ಎರಡು ಸಲ ಎದ್ದು ನಿಂತ. ಆಮೇಲೆ ಮುಂಗಾಲುಗಳೆರಡನ್ನೂ ಹೊಟ್ಟೆಯಡಿ ಗಟ್ಟಿಯಾಗಿ ಸಿಕ್ಕಿಸಿಕೊಂಡು ಹಾಗೇ ಕೂತುಬಿಟ್ಟ.

ನೀತಿ: ಹೊರಗಿನ ನೆರವು ಊರಿನ ಬಲವನ್ನು ಹೆಚ್ಚಿಸಬೇಕೇ ಹೊರತು ಊರಿನ ಕೆಲಸವನ್ನು ಕಿತ್ತುಕೊಳ್ಳಬಾರದು, ಎಲ್ಲರ ಪರವಾಗಿ ತಾನೊಬ್ಬನೇ ಮಾಡುವವನಿಗಿಂತ ಎಲ್ಲರಿಂದ ಮಾಡಿಸುವವನೇ ಒಳ್ಳೆಯ ಮುಂದಾಳು.